ಕೊರತೆ ಇರುವುದು ಹುಡುಗರಲ್ಲಲ್ಲ

‘ಕೆಲಸ ಬೇಕಾದಷ್ಟಿದೆ, ಕೌಶಲ್ಯ ಇರುವವರೇ ಸಿಗುತ್ತಿಲ್ಲ.’ ಉದ್ಯೋಗ ಮೇಳದ ವೇದಿಕೆಯಲ್ಲಿ ಸಚಿವರು ಹೇಳುವ ಮಾತು ಇದು. ಕೈಗಾರಿಕಾ ಸಂಘಗಳ ಸಭೆಯಲ್ಲಿ ಉದ್ಯಮಿಗಳು ಹೇಳುವುದೂ ಇದನ್ನೇ. ಘಟಿಕೋತ್ಸವ ಭಾಷಣಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ ಇದು ಕೇಳಿಸದ ದಿನವಿಲ್ಲ. ಹೇಳಿ ಹೇಳಿ ಈ ಮಾತು ಎಷ್ಟು ಬೇರೂರಿದೆಯೆಂದರೆ, ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿ ಕೂತಿರುವ ಮಗನನ್ನು ಕಂಡ ತಂದೆ ತಪ್ಪೆಲ್ಲ ಮಗನದೇ ಎಂದುಕೊಳ್ಳುತ್ತಾನೆ. ಮಗನೂ ಹಾಗೆಯೇ ಅಂದುಕೊಂಡಿದ್ದಾನೆ. ಒಂದು ತಲೆಮಾರಿಗೆ ತನ್ನ ಮೇಲೆಯೇ ಅಪನಂಬಿಕೆ ಹುಟ್ಟಿಸಿರುವ ಈ ಮಾತು ಸುಳ್ಳು. ಈ ಸುಳ್ಳಿನ ಅಡಿಪಾಯದ ಮೇಲೆ ಸಾವಿರಾರು ಕೋಟಿ ರೂಪಾಯಿಯ ಸರ್ಕಾರಿ ಯೋಜನೆಗಳು ಎದ್ದಿವೆ. ನಿರುದ್ಯೋಗಿಯ ಹೆಸರಿನಲ್ಲಿ ಹೊರಡುವ ಆ ಹಣ ಬೇರೆಯವರ ಕೈ ಸೇರುತ್ತಿದೆ.

ಕೇಂದ್ರದ 2023–24ರ ಆರ್ಥಿಕ ಸಮೀಕ್ಷೆ, ದೇಶದ ಯುವಜನರಲ್ಲಿ ಶೇ 51.25ರಷ್ಟು ಮಂದಿ ಮಾತ್ರ ಉದ್ಯೋಗಕ್ಕೆ ತಕ್ಕವರು ಎಂದು ಬರೆಯಿತು. ಕಾಲೇಜಿನಿಂದ ಹೊರಬೀಳುವ ಇಬ್ಬರಲ್ಲಿ ಒಬ್ಬರು ನೇರವಾಗಿ ಕೆಲಸಕ್ಕೆ ಸೇರುವ ಸ್ಥಿತಿಯಲ್ಲಿಲ್ಲ ಎಂದು ಅದರ ಅರ್ಥ. ಅಂದಿನಿಂದ ಈ ಅಂಕಿ ಭಾಷಣದಿಂದ ಭಾಷಣಕ್ಕೆ ದಾಟುತ್ತಿದೆ. ಅಳೆದವರು ಯಾರು ಎಂದು ಯಾರೂ ಕೇಳಲಿಲ್ಲ. ಇದೇ ಅಂಕಿ ಇರುವ ‘ಇಂಡಿಯಾ ಸ್ಕಿಲ್ಸ್ ರಿಪೋರ್ಟ್’ ಎಂಬ ವಾರ್ಷಿಕ ವರದಿಯನ್ನು ಸಿದ್ಧಪಡಿಸುವುದು ನೇಮಕಾತಿ ಪರೀಕ್ಷೆಗಳನ್ನು ನಡೆಸುವ ಒಂದು ಖಾಸಗಿ ಕಂಪನಿ. ಯಾವ ಕೆಲಸಕ್ಕೆ ಇವರು ತಕ್ಕವರಲ್ಲ? ಎಷ್ಟು ಸಂಬಳದ, ಯಾವ ಊರಿನ ಕೆಲಸಕ್ಕೆ? ಒಂದು ಪರೀಕ್ಷೆಯ ಅಂಕವನ್ನು ಹಿಡಿದು ಕೋಟ್ಯಂತರ ಮಕ್ಕಳ ಹಣೆಯ ಮೇಲೆ ‘ನಾಲಾಯಕ್’ ಎಂದು ಬರೆಯುವ ಅಧಿಕಾರವನ್ನು ನಾವು ಯಾರಿಗೆ, ಯಾವಾಗ ಕೊಟ್ಟೆವು?

ಇನ್ನೊಂದು ಲೆಕ್ಕ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ ಸೇರಿ 2024ರಲ್ಲಿ ಪ್ರಕಟಿಸಿದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಪದವೀಧರ ಯುವಜನರಲ್ಲಿ ನಿರುದ್ಯೋಗದ ಪ್ರಮಾಣ ಶೇ 29.1. ಓದು ಬರಹ ಬಾರದ ಯುವಜನರಲ್ಲಿ ಅದು ಶೇ 3.4. ಕೌಶಲ್ಯವಿಲ್ಲದಿರುವುದೇ ನಿರುದ್ಯೋಗಕ್ಕೆ ಕಾರಣವಾಗಿದ್ದರೆ ಈ ಎರಡು ಅಂಕಿಗಳು ಅದಲುಬದಲಾಗಿ ಇರಬೇಕಿತ್ತು. ಓದಿಲ್ಲದ ಬಡವ ಒಂದು ವಾರವೂ ಕೈಕಟ್ಟಿ ಕೂರಲಾರ, ಸಿಕ್ಕ ಕೂಲಿಗೆ ಹೋಗುತ್ತಾನೆ, ಅದಕ್ಕೇ ಅವನು ನಿರುದ್ಯೋಗಿಗಳ ಲೆಕ್ಕಕ್ಕೆ ಬರುವುದಿಲ್ಲ ಎಂದು ಯಾರಾದರೂ ಹೇಳಬಹುದು. ನಿಜ. ನಾನು ಹೇಳುತ್ತಿರುವುದೂ ಅದನ್ನೇ. ಈ ದೇಶದಲ್ಲಿ ಸಿಕ್ಕ ಕೂಲಿ ಇದೆ. ಓದಿದವರು ಮರ್ಯಾದೆಯಿಂದ ಬದುಕಬಹುದಾದ ಸಂಬಳದ ಕೆಲಸ ಇಲ್ಲ.

ಕೊರತೆಯ ಮಾತು ನಿಜವೇ ಎಂದು ತಿಳಿಯಲು ದೊಡ್ಡ ಅರ್ಥಶಾಸ್ತ್ರ ಬೇಕಿಲ್ಲ. ಕೋಲಾರದ ಎಪಿಎಂಸಿಗೆ ಟೊಮೆಟೊ ಬರುವುದು ಕಡಿಮೆಯಾದ ದಿನ ಬೆಲೆ ಏರುತ್ತದೆ. ಕುಶಲ ಯುವಕರು ಅಷ್ಟು ವಿರಳವಾಗಿದ್ದರೆ ಅವರ ಸಂಬಳವೂ ಏರಬೇಕಿತ್ತಲ್ಲವೇ? ಬೆಂಗಳೂರಿನ ದೊಡ್ಡ ಐಟಿ ಕಂಪನಿಗಳು ಹೊಸದಾಗಿ ಸೇರುವ ಎಂಜಿನಿಯರ್‌ಗೆ ಕೊಡುವ ವಾರ್ಷಿಕ ಸಂಬಳ ಹತ್ತು ಹದಿನೈದು ವರ್ಷಗಳಿಂದ ಮೂರು, ಮೂರೂವರೆ ಲಕ್ಷದ ಸುತ್ತಲೇ ನಿಂತಿದೆ. ಇಷ್ಟರಲ್ಲಿ ಮನೆ ಬಾಡಿಗೆ, ಅಕ್ಕಿ, ಬೇಳೆ, ಬಸ್ ಚಾರ್ಜು ಎಲ್ಲಿಗೆ ಹೋಗಿವೆ ಎಂದು ಓದುಗರಿಗೆ ನಾನು ಹೇಳಬೇಕಿಲ್ಲ. ವಿರಳವಾದ ವಸ್ತುವಿಗೆ ಹದಿನೈದು ವರ್ಷ ಒಂದೇ ಬೆಲೆ ಇರುವ ಸಂತೆ ಎಲ್ಲಿದೆ?

ಬೆಂಗಳೂರು ಕುಶಲ ಕಾರ್ಮಿಕರ ಊರಾದದ್ದು ಹೇಗೆ ಎಂದು ನೆನಪಿಸಿಕೊಳ್ಳೋಣ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಇಲ್ಲಿ ಶುರುವಾದವು. ಆಗ ಲೇತ್ ನಡೆಸಲು, ವಿಮಾನದ ರೆಕ್ಕೆ ಜೋಡಿಸಲು ಬಲ್ಲ ಸಾವಿರಾರು ಯುವಕರು ಗೇಟಿನ ಮುಂದೆ ಸಾಲುಗಟ್ಟಿ ನಿಂತಿದ್ದರೇ? ಹಳ್ಳಿಗಳಿಂದ ಬಂದ, ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರನ್ನು ಕಾರ್ಖಾನೆಗಳೇ ಅಪ್ರೆಂಟಿಸ್‌ಗಳಾಗಿ ತೆಗೆದುಕೊಂಡವು. ತಮ್ಮದೇ ತರಬೇತಿ ಶಾಲೆಗಳಲ್ಲಿ ವರ್ಷಗಟ್ಟಲೆ ಕಲಿಸಿ, ಟರ್ನರ್, ಫಿಟ್ಟರ್, ಟೂಲ್‌ಮೇಕರ್ ಮಾಡಿ ಖಾಯಂ ಕೆಲಸ ಕೊಟ್ಟವು. ಆ ಹುಡುಗರು ಮನೆ ಕಟ್ಟಿಕೊಂಡರು, ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿದರು. ಇಂದಿನ ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುತ್ತಿರುವ ಎಷ್ಟೋ ಮಂದಿ ಅಂಥ ಕಾರ್ಖಾನೆಯೊಂದರಲ್ಲಿ ಕೈ ಪಳಗಿಸಿಕೊಂಡವರು. ಕಲಿಸುವುದು ಕೆಲಸ ಕೊಡುವವನ ಹೊಣೆ ಎಂಬುದರಲ್ಲಿ ಆಗ ಯಾರಿಗೂ ಅನುಮಾನ ಇರಲಿಲ್ಲ.

ಆ ಹೊಣೆಯನ್ನು ಉದ್ಯಮ ಮೆಲ್ಲಗೆ ಕೆಳಗಿಳಿಸಿತು. ಮೊದಲು ಅದು ಪೋಷಕರ ಹೆಗಲಿಗೇರಿತು. ಸಾಲ ಮಾಡಿ ಡಿಪ್ಲೊಮಾ ಓದಿಸಿ, ಮೇಲೊಂದು ಕೋರ್ಸಿಗೆ ಸೇರಿಸಿ ಎಂದಾಯಿತು. ಈಗ ಸರ್ಕಾರದ ಖಜಾನೆಯ ಮೇಲಿದೆ. ಕಂಪನಿಗೆ ಬೇಕಾದ ಮನುಷ್ಯನನ್ನು ಜನರ ತೆರಿಗೆಯಲ್ಲಿ ತಯಾರು ಮಾಡಿ, ಕಂಪನಿಯ ಬಾಗಿಲಿಗೆ ತಲುಪಿಸಿ, ಅವನನ್ನು ಒಳಗೆ ಬಿಟ್ಟುಕೊಂಡದ್ದಕ್ಕೆ ಮತ್ತೆ ಜನರ ತೆರಿಗೆಯಿಂದಲೇ ಕಂಪನಿಗೆ ಪ್ರೋತ್ಸಾಹಧನ ಕೊಡುವ ಸ್ಥಿತಿಗೆ ಬಂದಿದ್ದೇವೆ.

2015ರ ಜುಲೈ 15ರಂದು ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆ ಆರಂಭವಾದಾಗ ಕೇಳಿಸಿದ ಸಂಖ್ಯೆ ದೊಡ್ಡದು. 2022ರೊಳಗೆ 40 ಕೋಟಿ ಜನರಿಗೆ ಕೌಶಲ್ಯ ಕಲಿಸುವುದು ‘ಸ್ಕಿಲ್ ಇಂಡಿಯಾ’ದ ಗುರಿಯಾಗಿತ್ತು. ಯೋಜನೆಯ ಅಲ್ಪಾವಧಿ ತರಬೇತಿಯ ಅಳತೆ ಆಗ 150ರಿಂದ 300 ಗಂಟೆ ಇತ್ತು. ಒಬ್ಬ ಎಲೆಕ್ಟ್ರಿಷಿಯನ್ ಸರ್ಕಾರಿ ಐಟಿಐಯಲ್ಲಿ ಎರಡು ವರ್ಷ ಕಲಿಯುವುದನ್ನು, ಗ್ರಾಮೀಣ ಯುವಕನೊಬ್ಬ ಬಾಡಿಗೆ ಕಟ್ಟಡದ ಕೇಂದ್ರವೊಂದರಲ್ಲಿ ಎರಡು ಮೂರು ತಿಂಗಳಲ್ಲಿ ಕಲಿತು ಮುಗಿಸಬೇಕಿತ್ತು! ಈ ಹಾದಿ ತಪ್ಪೆಂದು ಬೇಗನೆ ಎಚ್ಚರಿಸಿದವರೂ ಇದ್ದರು. ಸರ್ಕಾರವೇ ನೇಮಿಸಿದ್ದ ಶಾರದಾ ಪ್ರಸಾದ್ ಸಮಿತಿ, ಉದ್ಯಮಗಳ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ಗಳ ಕಾರ್ಯವೈಖರಿಯನ್ನೂ ಅಲ್ಲಿನ ಹಿತಾಸಕ್ತಿಗಳ ಘರ್ಷಣೆಯನ್ನೂ ಕಟುವಾಗಿ ಟೀಕಿಸಿತ್ತು. ವರದಿ ಬಂತು, ಯೋಜನೆ ಮುಂದಿನ ಹಂತಕ್ಕೆ ಹೋಯಿತು, ಆಮೇಲೆ ಅದರ ಮುಂದಿನ ಹಂತಕ್ಕೆ.

ಕೊನೆಗೆ 2025ರ ಡಿಸೆಂಬರಿನಲ್ಲಿ ಮಹಾಲೇಖಪಾಲರ ವರದಿ ಸಂಸತ್ತಿನ ಮುಂದೆ ಬಂತು. 2015ರಿಂದ 2022ರವರೆಗಿನ ಮೂರು ಹಂತಗಳ ಪರಿಶೀಲನೆ ಅದು. ನೋಡಿದ ಸುಮಾರು 96 ಲಕ್ಷ ಫಲಾನುಭವಿಗಳ ದಾಖಲೆಗಳಲ್ಲಿ ಶೇ 94ಕ್ಕೂ ಹೆಚ್ಚಿನವುಗಳಲ್ಲಿ ಬ್ಯಾಂಕ್ ಖಾತೆಯ ಜಾಗ ಖಾಲಿ, ಇಲ್ಲವೇ ಅಲ್ಲಿ ಬರೀ ಸೊನ್ನೆಗಳು. ಒಂದೇ ಫೋಟೊ ಹಲವು ಫಲಾನುಭವಿಗಳ ಹೆಸರಿನ ಮುಂದೆ. ಅಲ್ಪಾವಧಿ ಮತ್ತು ವಿಶೇಷ ತರಬೇತಿ ಪಡೆದು ಪ್ರಮಾಣಪತ್ರ ಗಳಿಸಿದವರಲ್ಲಿ ಕೆಲಸ ಸಿಕ್ಕಿದ್ದು ಶೇ 41 ಮಂದಿಗೆ ಎಂದು ದಾಖಲೆಗಳು ಹೇಳುತ್ತವೆ. ಅದೇ ದಾಖಲೆಗಳು! ಈ ಲೆಕ್ಕವನ್ನು ಒಪ್ಪಿಕೊಂಡರೂ ಹತ್ತರಲ್ಲಿ ಆರು ಮಂದಿ ಪ್ರಮಾಣಪತ್ರ ಹಿಡಿದು ಮನೆಗೆ ಮರಳಿದ್ದಾರೆ. ತರಬೇತಿ ಪಡೆದ ಮೇಲೂ ಕೆಲಸ ಸಿಗದ ಈ ಮಕ್ಕಳಿಗೆ ಇನ್ನು ಯಾವ ಕೌಶಲ್ಯದ ಕೊರತೆ ಇದೆ?

ಈ ಯೋಜನೆಯ ದೊಡ್ಡ ಪಾಲು ತರಬೇತಿಯೇ ಅಲ್ಲ ಎಂಬುದು ಹೊರಗಿನವರಿಗೆ ಗೊತ್ತಿಲ್ಲ. ಹತ್ತಾರು ವರ್ಷದಿಂದ ಗಾರೆ ಕೆಲಸ ಮಾಡುವ ಮೇಸ್ತ್ರಿಯನ್ನೋ, ಹೊಲಿಗೆ ಮಾಡುವ ಹೆಣ್ಣುಮಗಳನ್ನೋ ಕರೆದು, ಅವರಿಗೆ ಈಗಾಗಲೇ ಗೊತ್ತಿರುವ ಕೆಲಸಕ್ಕೆ ಪ್ರಮಾಣಪತ್ರ ಕೊಟ್ಟು, ಕೌಶಲ್ಯ ಪಡೆದವರ ಪಟ್ಟಿಗೆ ಸೇರಿಸುವ ಕ್ರಮ ಇದರೊಳಗೇ ಇದೆ. ಆ ಕಾಗದ ಕಂಡು ಮರುದಿನ ಮೇಸ್ತ್ರಿಯ ಕೂಲಿಯನ್ನು ಹತ್ತು ರೂಪಾಯಿಯಾದರೂ ಹೆಚ್ಚಿಸಿದ ಗುತ್ತಿಗೆದಾರನನ್ನು ಯಾರಾದರೂ ನೋಡಿದ್ದೀರಾ?

ಅಪ್ರೆಂಟಿಸ್ ವ್ಯವಸ್ಥೆಗೆ ಬನ್ನಿ. ಇದರ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟಿದೆ, ಏಕೆಂದರೆ ಇದು ಒಳ್ಳೆಯ ವ್ಯವಸ್ಥೆಯಾಗಿತ್ತು. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಸೆಕ್ಷನ್, ಅಪ್ರೆಂಟಿಸ್ ಕಲಿಯುವವನು, ಕಾರ್ಮಿಕನಲ್ಲ ಎನ್ನುತ್ತದೆ. ಹಾಗಾಗಿ ಕಾರ್ಮಿಕ ಕಾಯ್ದೆಗಳು ಅವನಿಗೆ ಅನ್ವಯಿಸುವುದಿಲ್ಲ. ಕಲಿಸಿ ಖಾಯಂ ಮಾಡುತ್ತಿದ್ದ ಕಾಲದಲ್ಲಿ ಈ ಸೆಕ್ಷನ್‌ನಿಂದ ಯಾರಿಗೂ ಕೇಡಾಗಲಿಲ್ಲ. ಇಂದು ಅದೇ ಸೆಕ್ಷನ್ ಅಗ್ಗದ ಕೂಲಿಗೆ ಬಾಗಿಲಾಗಿದೆ. ಒಂದು ಬ್ಯಾಚ್ ಟ್ರೇನಿಗಳು ಬರುತ್ತಾರೆ, ಅಸೆಂಬ್ಲಿ ಲೈನಿನಲ್ಲಿ ಖಾಯಂ ಕಾರ್ಮಿಕ ಮಾಡುವಷ್ಟೇ ಕೆಲಸ ಮಾಡುತ್ತಾರೆ, ಅವಧಿ ಮುಗಿಯುತ್ತದೆ, ಇನ್ನೊಂದು ಬ್ಯಾಚ್ ಬರುತ್ತದೆ. ಪಿಎಫ್ ಇಲ್ಲ, ಬೋನಸ್ ಇಲ್ಲ, ಸಂಘ ಕಟ್ಟುವ ಹಕ್ಕಿಲ್ಲ. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಡಿ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿಯವರೆಗೆ, ಸರ್ಕಾರವೇ ಭರಿಸುತ್ತದೆ. ಅವಧಿ ಮುಗಿದ ಮೇಲೆ ಅವರಲ್ಲಿ ಎಷ್ಟು ಜನರನ್ನು ಖಾಯಂ ಮಾಡಿಕೊಳ್ಳಬೇಕು ಎಂಬ ಷರತ್ತು ಮಾತ್ರ ಇಲ್ಲ.

ಕೋಲಾರದ ನರಸಾಪುರದಲ್ಲಿ 2020ರ ಡಿಸೆಂಬರ್ 12ರ ಬೆಳಿಗ್ಗೆ ನಡೆದದ್ದನ್ನು ಮರೆತಿದ್ದೇವೆಯೇ? ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ಕಾರ್ಮಿಕರ ಆಕ್ರೋಶ ಸ್ಫೋಟಿಸಿತು. ಗಾಜುಗಳು ಪುಡಿಯಾದವು, ವಾಹನಗಳಿಗೆ ಬೆಂಕಿ ಬಿತ್ತು. ಅಲ್ಲಿದ್ದವರಲ್ಲಿ ಬಹುಪಾಲು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆ ಕಾರ್ಮಿಕರು. ಹೇಳಿದ ಸಂಬಳ ಒಂದು, ಖಾತೆಗೆ ಬಂದದ್ದು ಇನ್ನೊಂದು ಎಂದು ಎಂಜಿನಿಯರಿಂಗ್ ಪದವೀಧರರು ಹೇಳಿಕೊಂಡದ್ದು ಪತ್ರಿಕೆಗಳಲ್ಲಿ ಬಂದಿತ್ತು. ಮೊದಲ ದಿನಗಳಲ್ಲಿ ಎಲ್ಲರೂ ಮಾತಾಡಿದ್ದು ರಾಜ್ಯದ ಹೆಸರಿಗೆ ಬಂದ ಕಳಂಕದ ಬಗ್ಗೆ, ಹೂಡಿಕೆದಾರರ ಆತಂಕದ ಬಗ್ಗೆ. ಕೆಲವೇ ದಿನಗಳಲ್ಲಿ ಕಂಪನಿಯೇ, ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಸಿಕ್ಕಿರಲಿಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಆ್ಯಪಲ್ ಕಂಪನಿ ಅದಕ್ಕೆ ಹೊಸ ಆರ್ಡರ್ ಕೊಡುವುದನ್ನು ಸ್ವಲ್ಪ ಕಾಲ ನಿಲ್ಲಿಸಿತು. ಆ ಯುವಕ ಯುವತಿಯರಿಗೆ ಜಗತ್ತಿನ ಅತಿ ಸೂಕ್ಷ್ಮ ಫೋನ್ ಜೋಡಿಸುವ ಕೌಶಲ್ಯ ಇತ್ತು. ದುಡಿದದ್ದಕ್ಕೆ ಸಂಬಳ ಇರಲಿಲ್ಲ. ಕೌಶಲ್ಯದ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಈ ಎರಡನೆಯ ಕೊರತೆಯ ಬಗ್ಗೆ ಎಂದಾದರೂ ಬಾಯಿಬಿಟ್ಟಿದ್ದಾರೆಯೇ?

2024ರ ಜುಲೈ ಬಜೆಟ್ಟಿನಲ್ಲಿ ಇಂಟರ್ನ್‌ಶಿಪ್ ಯೋಜನೆ ಬಂತು. ದೇಶದ 500 ದೊಡ್ಡ ಕಂಪನಿಗಳಲ್ಲಿ ಐದು ವರ್ಷದಲ್ಲಿ ಒಂದು ಕೋಟಿ ಯುವಜನರಿಗೆ ಅವಕಾಶ. ತಿಂಗಳಿಗೆ 5,000 ರೂಪಾಯಿ ಭತ್ಯೆ, ಅದರಲ್ಲಿ 4,500 ಸರ್ಕಾರದ್ದು, 500 ಕಂಪನಿಯದು. ಆ ಐನೂರನ್ನೂ ಕಂಪನಿ ತನ್ನ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ಕೊಡಬಹುದು. ಪ್ರಾಯೋಗಿಕ ಹಂತದ ಮೊದಲ ಸುತ್ತಿನಲ್ಲಿ 82 ಸಾವಿರ ಆಹ್ವಾನ ಹೋದವು, 28 ಸಾವಿರ ಮಂದಿ ಒಪ್ಪಿದರು, ಕೊನೆಗೆ ಸೇರಿದವರು ಸುಮಾರು 8,700. ಹುಡುಗರಿಗೆ ಶ್ರದ್ಧೆಯಿಲ್ಲ ಎಂದು ತಕ್ಷಣ ತೀರ್ಪು ಕೊಟ್ಟವರು ಒಂದು ಲೆಕ್ಕ ಹಾಕಲಿ. ರಾಯಚೂರಿನ ಒಬ್ಬ ಹುಡುಗಿ ಬೆಂಗಳೂರಿಗೆ ಬಂದು 5,000 ರೂಪಾಯಿಯಲ್ಲಿ ಪಿ.ಜಿ. ಬಾಡಿಗೆ, ಊಟ, ಬಸ್ಸು, ಫೋನ್ ಎಲ್ಲ ನೋಡಿಕೊಂಡು ಒಂದು ವರ್ಷ ದುಡಿಯಬೇಕು. ಆಮೇಲೆ ಕೆಲಸ ಕೊಡುವ ಭರವಸೆ ಯಾವ ಕಾಗದದಲ್ಲೂ ಇಲ್ಲ. ಬೇಡ ಎಂದ ಆಕೆಗೆ ಬುದ್ಧಿ ಇದೆ. ಹಳ್ಳಿಯಲ್ಲಿರುವ ಅಪ್ಪನಿಂದ ಹಣ ತರಿಸಿಕೊಂಡು ದೇಶದ ಅತಿ ಶ್ರೀಮಂತ ಕಂಪನಿಯೊಂದಕ್ಕೆ ದುಡಿದುಕೊಡಲು ಆಕೆ ಒಪ್ಪಲಿಲ್ಲ, ಅಷ್ಟೆ.

ಇದಾದ ಮೇಲೆ ಬಂದದ್ದು ಎಲ್ಲಕ್ಕಿಂತ ದೊಡ್ಡದು. 2025ರ ಜುಲೈ 1ರಂದು ಕೇಂದ್ರ ಸಂಪುಟ ಒಪ್ಪಿದ, ಈಗ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಎಂದು ಕರೆಯುವ ಕಾರ್ಯಕ್ರಮದ ಗಾತ್ರ 99,446 ಕೋಟಿ ರೂಪಾಯಿ. ಎರಡು ವರ್ಷದಲ್ಲಿ ಮೂರೂವರೆ ಕೋಟಿ ಉದ್ಯೋಗ ಇದರ ಗುರಿ. ಮೊದಲ ಬಾರಿ ಕೆಲಸಕ್ಕೆ ಸೇರಿದವರಿಗೆ ಎರಡು ಕಂತಿನಲ್ಲಿ ಹೆಚ್ಚೆಂದರೆ 15,000 ರೂಪಾಯಿ, ಜೀವನದಲ್ಲಿ ಒಂದು ಸಲ. ಮಾಲೀಕನಿಗೆ ಪ್ರತಿ ಹೆಚ್ಚುವರಿ ನೌಕರನ ಲೆಕ್ಕದಲ್ಲಿ ತಿಂಗಳಿಗೆ 3,000 ರೂಪಾಯಿಯವರೆಗೆ, ಎರಡು ವರ್ಷ. ತಯಾರಿಕಾ ಘಟಕವಾದರೆ ನಾಲ್ಕು ವರ್ಷ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿ ಐದು ಜನರನ್ನು ಹೆಚ್ಚುವರಿಯಾಗಿ ತೆಗೆದುಕೊಂಡರೆ ಸಾಕು. ಸಾವಿರಾರು ಮಂದಿ ದುಡಿಯುವ ಕಾರ್ಖಾನೆ ಪ್ರತಿ ವರ್ಷ ಹೇಗಿದ್ದರೂ ಹೊಸಬರನ್ನು ಸೇರಿಸಿಕೊಳ್ಳುತ್ತದೆ. ಅದು ಹೇಗೂ ಮಾಡುತ್ತಿದ್ದ ನೇಮಕಾತಿಗೆ ಜನರ ದುಡ್ಡೇಕೆ? ಆರು ತಿಂಗಳು ಕೆಲಸದಲ್ಲಿ ಉಳಿದರೆ ಸಾಕು, ಹುದ್ದೆ ಖಾಯಂ ಆಗಬೇಕಿಲ್ಲ. ಪಿಎಫ್ ಲೆಕ್ಕದ ವೇತನ 10,000 ರೂಪಾಯಿಯೊಳಗಿದ್ದರೂ ಪ್ರೋತ್ಸಾಹಧನ ಸಿಗುತ್ತದೆ. ಹೀಗೆ ಹೊಟ್ಟೆ ತುಂಬದ ಸಂಬಳಕ್ಕೆ ಸರ್ಕಾರವೇ ಮುದ್ರೆ ಒತ್ತಿ ಕೊಡುತ್ತಿದೆ.

ಕಂಪನಿಗಳಿಗೆ ಕೆಲಸ ಕೊಡುವ ಶಕ್ತಿ ಇಲ್ಲವೆಂದೇ ಈ ನೆರವು? 2019ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟ್ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಲಾಯಿತು. ಹೊಸ ತಯಾರಿಕಾ ಘಟಕಗಳಿಗೆ ಶೇ 15. ಇದರಿಂದ ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಎಂದು ಅಂದು ಸರ್ಕಾರವೇ ಹೇಳಿತ್ತು. ಬಂಡವಾಳ ಹರಿದು ಬರುತ್ತದೆ, ಉದ್ಯೋಗ ಹೆಚ್ಚುತ್ತದೆ ಎಂದೂ ಹೇಳಲಾಯಿತು. 2024–25ರ ಆರ್ಥಿಕ ಸಮೀಕ್ಷೆಯನ್ನು ತೆರೆದು ನೋಡಿ: 2023–24ರಲ್ಲಿ ದೊಡ್ಡ ಕಂಪನಿಗಳ ಲಾಭ ಶೇ 22.3ರಷ್ಟು ಏರಿದೆ, ಉದ್ಯೋಗ ಏರಿದ್ದು ಶೇ 1.5. ಹದಿನೈದು ವರ್ಷಗಳಲ್ಲೇ ಅತಿ ಹೆಚ್ಚಿನ ಲಾಭ ಎಂದು ಬರೆದದ್ದು ಸರ್ಕಾರದ ಸ್ವಂತ ಪುಸ್ತಕ. ಇಷ್ಟು ಲಾಭ ಮಾಡಿದವರು ಒಬ್ಬ ಹುಡುಗನಿಗೆ ಆರು ತಿಂಗಳು ಕೆಲಸ ಕಲಿಸುವ ಖರ್ಚನ್ನು ಭರಿಸಲಾರರೇ?

ಕರ್ನಾಟಕದ ವಿಷಯದಲ್ಲಿ ನೋವು ಇನ್ನೂ ಹೆಚ್ಚು. ಯುವನಿಧಿಯನ್ನು ನಾನು ಹೀಗಳೆಯುವುದಿಲ್ಲ. ಕೆಲಸವಿಲ್ಲದ ಪದವೀಧರನ ಕೈಗೆ ನೇರ ಸೇರುವ 3,000 ರೂಪಾಯಿ, ಮಧ್ಯವರ್ತಿ ತರಬೇತಿ ಕೇಂದ್ರಕ್ಕೆ ಹೋಗುವ ಹಣಕ್ಕಿಂತ ಮೇಲು. ಆದರೆ ಖಾಸಗಿ ಕಂಪನಿಗಳನ್ನು ಒಂದು ಮಾತು ಕೇಳುವ ಸಂದರ್ಭ ಬಂದಾಗ ನಮ್ಮ ಸರ್ಕಾರ ಏನು ಮಾಡಿತು? ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಕೊಡುವ ಬಗ್ಗೆ ಸರೋಜಿನಿ ಮಹಿಷಿ ಸಮಿತಿ ನೇಮಕವಾದದ್ದು 1983ರಲ್ಲಿ, ಅಂತಿಮ ವರದಿ ಕೊಟ್ಟದ್ದು 1986ರಲ್ಲಿ. ಸುಮಾರು ನಾಲ್ಕು ದಶಕದ ಬಳಿಕ, 2024ರ ಜುಲೈ 15ರಂದು, ಸ್ಥಳೀಯರಿಗೆ ಆಡಳಿತ ವರ್ಗದ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಿಗಳು ಗದರಿದರು. ಕಂಪನಿಗಳು ಬೇರೆ ರಾಜ್ಯಕ್ಕೆ ಹೋಗಬೇಕಾದೀತು ಎಂದು ಐಟಿ ಕಂಪನಿಗಳ ಸಂಘಟನೆ ನಾಸ್ಕಾಂ ಎಚ್ಚರಿಸಿತು. ಆಂಧ್ರದ ಸಚಿವರು ವಿಶಾಖಪಟ್ಟಣಕ್ಕೆ ಬನ್ನಿ ಎಂದು ಕರೆದರು. ಜುಲೈ 17ರಂದು ಮಸೂದೆಯನ್ನು ತಡೆಹಿಡಿಯಲಾಯಿತು. ನಲವತ್ತು ವರ್ಷ ಕಾದದ್ದು ಎರಡು ದಿನ ಬಾಳಿತು.

ಹರಿಯಾಣದ ಇಂಥದೇ ಕಾಯ್ದೆಯನ್ನು 2023ರ ನವೆಂಬರಿನಲ್ಲಿ ಹೈಕೋರ್ಟ್ ರದ್ದು ಮಾಡಿದೆ, ಕಾನೂನಿನ ತೊಡಕು ನಿಜ. ಆದರೆ ನಮ್ಮ ಸರ್ಕಾರ ಹಿಂದೆ ಸರಿದದ್ದು ಕೋರ್ಟಿನ ಭಯದಿಂದಲ್ಲ, ಉದ್ಯಮಿಗಳ ಭಯದಿಂದ. ಆ ಮಸೂದೆಯಲ್ಲಿ ಒಂದು ಅಂಶ ಇತ್ತು: ತಕ್ಕ ಸ್ಥಳೀಯರು ಸಿಗದಿದ್ದರೆ, ಸರ್ಕಾರದ ಸಹಕಾರದೊಂದಿಗೆ ಮೂರು ವರ್ಷದೊಳಗೆ ಕಂಪನಿಯೇ ಅವರನ್ನು ತಯಾರು ಮಾಡಬೇಕು. ಕೌಶಲ್ಯವಿಲ್ಲ ಎಂದು ವರ್ಷವಿಡೀ ಗೋಳಾಡುವ ಉದ್ಯಮಕ್ಕೆ, ಸರಿ, ನೀವೇ ಕಲಿಸಿ ಎಂದು ಹೇಳಿದ ಸಾಲು ಅದು. ಕೋಟಾ ಕೋರ್ಟಿನಲ್ಲಿ ನಿಲ್ಲದಿದ್ದರೆ ಬೇಡ, ಆ ಒಂದು ಸಾಲನ್ನಾದರೂ ಉಳಿಸಿಕೊಳ್ಳಬಾರದಿತ್ತೇ? ರಿಯಾಯಿತಿ ದರದ ಭೂಮಿ, ನೀರು, ವಿದ್ಯುತ್, ತೆರಿಗೆ ವಿನಾಯಿತಿ ಪಡೆದವರನ್ನು ಇಷ್ಟು ಕೇಳಲು ಯಾರ ಅಪ್ಪಣೆ ಬೇಕಿತ್ತು?

ಸರ್ಕಾರಕ್ಕೆ ಕಂಪನಿಗಳನ್ನು ಕೇಳುವ ನೈತಿಕ ಬಲ ಇಲ್ಲದಿರುವುದಕ್ಕೂ ಕಾರಣ ಇದೆ. ಅದರ ಮನೆಯೇ ಸರಿಯಿಲ್ಲ. ರಾಜ್ಯದ ಇಲಾಖೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳು ಖಾಲಿ ಇವೆ. ಧಾರವಾಡದ, ವಿಜಯಪುರದ ಬಾಡಿಗೆ ಕೋಣೆಗಳಲ್ಲಿ ಅಧಿಸೂಚನೆಗಾಗಿ ಕಾದು ವಯೋಮಿತಿ ಮೀರಿದವರ ಮುಖಗಳನ್ನು ನೋಡಿದ ಯಾರೂ, ಈ ನಾಡಿನಲ್ಲಿ ಕಲಿಯುವ ಹಠ ಕಡಿಮೆಯಿದೆ ಎಂದು ಹೇಳಲಾರರು. ಸರ್ಕಾರಿ ಪದವಿ ಕಾಲೇಜುಗಳನ್ನು ನಡೆಸುತ್ತಿರುವವರು ಸಾವಿರಾರು ಅತಿಥಿ ಉಪನ್ಯಾಸಕರು. ಎಂ.ಎ., ನೆಟ್, ಪಿಎಚ್‌.ಡಿ. ಮುಗಿಸಿ, ಹತ್ತು ಹದಿನೈದು ವರ್ಷ ಪಾಠ ಹೇಳಿ, ಪ್ರತಿ ವರ್ಷ ಮತ್ತೆ ಹೊಸದಾಗಿ ಅರ್ಜಿ ಹಾಕುವವರು. 2023ರ ಕೊನೆಯಲ್ಲಿ ಅವರು ತರಗತಿ ಬಿಟ್ಟು ವಾರಗಟ್ಟಲೆ ಧರಣಿ ಕೂತಿದ್ದರು. ನಾಡಿನ ಮಕ್ಕಳಿಗೆ ಕಲಿಸುವವರಿಗೇ ಖಾಯಂ ಕೆಲಸ ಕೊಡದ ಸರ್ಕಾರ, ಕಲಿತರೆ ಕೆಲಸ ಸಿಗುತ್ತದೆ ಎಂದು ಆ ಮಕ್ಕಳಿಗೆ ಯಾವ ಬಾಯಲ್ಲಿ ಹೇಳುತ್ತದೆ?

ಹಾಗಾದರೆ ತರಬೇತಿಯೇ ಬೇಡವೇ ಎಂದು ಕೇಳುತ್ತಾರೆ. ಬೇಕು, ನಿಜವಾದ ತರಬೇತಿ ಬೇಕು. ಅದಕ್ಕೆ ವಿದೇಶಕ್ಕೆ ಅಧ್ಯಯನ ಪ್ರವಾಸ ಹೋಗಬೇಕಿಲ್ಲ, ಬೆಂಗಳೂರಿನ ರಾಜಾಜಿನಗರ ಕೈಗಾರಿಕಾ ವಸಾಹತಿಗೆ ಹೋದರೆ ಸಾಕು. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ನಾವು ಜಿಟಿಟಿಸಿ ಎನ್ನುವುದು, ಅಲ್ಲಿದೆ. ನಿಜವಾದ ಯಂತ್ರ, ನಿಜವಾದ ಅಚ್ಚು, ವರ್ಷಗಟ್ಟಲೆ ಕೈಕೆಲಸ. ಅಲ್ಲಿ ಕಲಿತವರನ್ನು ಕಾರ್ಖಾನೆಗಳು ಹುಡುಕಿಕೊಂಡು ಬರುತ್ತವೆ. ಸರ್ಕಾರ ನಡೆಸಿದರೆ ಕೆಡುತ್ತದೆ, ಖಾಸಗಿಗೆ ಕೊಟ್ಟರೆ ಉದ್ಧಾರವಾಗುತ್ತದೆ ಎಂಬ ವಾದಕ್ಕೆ ಐವತ್ತು ವರ್ಷದ ಉತ್ತರ ಅದು. ಖಾಸಗಿ ಕೇಂದ್ರಗಳಿಗೆ ತಲೆಗಿಷ್ಟು ಎಂದು ಸುರಿದ ಹಣ ಜಿಟಿಟಿಸಿಗಳಿಗೆ, ತಾಲ್ಲೂಕಿನ ಸರ್ಕಾರಿ ಐಟಿಐಗಳಿಗೆ, ಅಲ್ಲಿ ಖಾಲಿ ಇರುವ ತರಬೇತುದಾರರ ಹುದ್ದೆಗಳಿಗೆ ಹೋಗಲಿ.

ಕಂಪನಿಗೆ ಪ್ರೋತ್ಸಾಹಧನ ಕೊಡಲೇಬೇಕೆಂದಿದ್ದರೆ ಖಾಯಂ ಹುದ್ದೆಗೆ ಮಾತ್ರ ಕೊಡಿ, ಅದೂ ನೌಕರ ಎರಡು ವರ್ಷ ಪೂರೈಸಿದ ಮೇಲೆ. ಯಾವ ಕಂಪನಿ ಎಷ್ಟು ಹಣ ಪಡೆಯಿತು, ಎಷ್ಟು ಜನರನ್ನು ಉಳಿಸಿಕೊಂಡಿತು ಎಂಬ ಪಟ್ಟಿಯನ್ನು ಪ್ರತಿ ಜಿಲ್ಲಾಧಿಕಾರಿ ಕಚೇರಿಯ ಗೋಡೆಗೆ ಅಂಟಿಸಿ. ಉತ್ಪಾದನಾ ಲೈನಿನಲ್ಲಿ ನಿಂತು ದುಡಿಯುವ ಅಪ್ರೆಂಟಿಸ್‌ನನ್ನು ಕಾರ್ಮಿಕ ಎಂದು ಒಪ್ಪಿ, 18ನೇ ಸೆಕ್ಷನ್ ತಿದ್ದಿ, ಕನಿಷ್ಠ ವೇತನ ಕೊಡಿಸಿ. ರಿಯಾಯಿತಿ ಭೂಮಿ ಪಡೆದ ಪ್ರತಿ ಕಾರ್ಖಾನೆ ಸುತ್ತಲಿನ ಊರುಗಳ ಮಕ್ಕಳಿಗೆ ತನ್ನ ಖರ್ಚಿನಲ್ಲಿ ಕಲಿಸಿ, ಕಲಿತವರನ್ನು ಖಾಯಂ ಮಾಡಿಕೊಳ್ಳಬೇಕೆಂಬ ಷರತ್ತನ್ನು ಗುತ್ತಿಗೆ ಪತ್ರದಲ್ಲೇ ಬರೆಸಿ. ಖಾಲಿ ಇರುವ ಎರಡೂವರೆ ಲಕ್ಷ ಹುದ್ದೆಗಳಿಗೆ ದಿನಾಂಕ ನಿಗದಿ ಮಾಡಿ ಅಧಿಸೂಚನೆ ಹೊರಡಿಸಿ. ಇದರಲ್ಲಿ ರಾಜ್ಯ ಸರ್ಕಾರದ ಕೈಯಲ್ಲಿರುವುದನ್ನು ಮಾಡಲು ದೆಹಲಿಯ ಒಪ್ಪಿಗೆ ಬೇಕಿಲ್ಲ. ಬಜೆಟ್ಟಿನಲ್ಲಿ ಹಣ ತೆಗೆದಿಡಬೇಕು, ಉದ್ಯಮಿಗಳ ಮುಖ ನೋಡಿ ಹೇಳುವ ಧೈರ್ಯ ಬೇಕು.

ಓದುಗರಲ್ಲಿ, ಮುಖ್ಯವಾಗಿ ತಂದೆತಾಯಿಯರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮಗ, ಮಗಳು ನಾಲಾಯಕ್ ಎಂದು ಹೇಳುವವರ ಮಾತನ್ನು ದಯವಿಟ್ಟು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ನಿಮ್ಮ ಶಾಸಕರ ಬಳಿ ಹೋಗಿ, ನಮ್ಮ ತಾಲ್ಲೂಕಿನಲ್ಲಿ ಎಷ್ಟು ಸರ್ಕಾರಿ ಹುದ್ದೆ ಖಾಲಿ ಇವೆ, ನಮ್ಮೂರ ಭೂಮಿ ಪಡೆದ ಕಂಪನಿ ಎಷ್ಟು ಸ್ಥಳೀಯರನ್ನು ಖಾಯಂ ಮಾಡಿದೆ ಎಂದು ಕೇಳಿ. ಲೆಕ್ಕವನ್ನು ಬರಹದಲ್ಲಿ ಕೊಡುವವರೆಗೆ ಅಲ್ಲಿಂದ ಏಳಬೇಡಿ.